ನಮ್ಮ ಡಬ್ಬಿಯಲ್ಲಿ ಹೊಳೆಗೆ ಜಾಗ ಸಿಗಲಿಲ್ಲ

"ಇನ್ಮೇಲೆ ನಾವು ಟಿ.ವಿ.ನೂ ಕೊಡಾಣ" ಎಂದು ನಮ್ಮ ಕಂಪನಿಯ ಯಜಮಾನರು ಹೇಳಿದ ದಿನ ನನಗೆ ನಗು ತಡೆಯಲಾಗಲಿಲ್ಲ. ನಾವು ಮಾರುತ್ತಿದ್ದದ್ದು ಇಂಟರ್ನೆಟ್. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ ನಮ್ಮ ಆಫೀಸು. ಅಲ್ಲಿಂದ ಕಂಬದಿಂದ ಕಂಬಕ್ಕೆ ಹಾದು ಹರಿಹರದವರೆಗೆ ನಮ್ಮ ಫೈಬರ್ ತಂತಿ. ಆ ಜಾಲವನ್ನು ನೋಡಿಕೊಳ್ಳುವ ಎಂಜಿನಿಯರು ನಾನು. ಇರುವ ಇಂಟರ್ನೆಟ್ಟನ್ನೇ ಸರಿಯಾಗಿ ಕೊಡುವುದರೊಳಗೆ ಸಾಕುಸಾಕಾಗುತ್ತಿರುವಾಗ ಟಿ.ವಿ. ಬೇರೆ ಎಲ್ಲಿಂದ ತರಲಿ ಎಂದು ಸಿಡುಕಿದೆ. ಸಿಡುಕುವುದು ನನ್ನ ಹುಟ್ಟುಗುಣ. ಆಫೀಸಿನಲ್ಲಿ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಯಜಮಾನರದು ಜವಳಿ ಅಂಗಡಿಯ ಮನೆತನ. ಯಾವ ವ್ಯವಹಾರವನ್ನಾದರೂ ಬಟ್ಟೆಯ ಲೆಕ್ಕದಲ್ಲೇ ನೋಡುವವರು. "ನೋಡಮ್ಮ, ಸೀರೆ ತಗಳಾಕೆ ಬಂದೋರಿಗೆ ಜಂಪರ್ ಪೀಸೂ ಇಲ್ಲೇ ಸಿಗ್ಬೇಕು. ಇಲ್ಲಾಂದ್ರೆ ಪಕ್ಕದಂಗಡಿಗೆ ಹೋಗ್ತಾರೆ. ಹೋದೋರು ಮುಂದಿನ್ ಸಲ ಸೀರೆನೂ ಅಲ್ಲೇ ತಗಂತಾರೆ" ಎಂದರು.

ಮಾತಿನಲ್ಲಿ ಹುರುಳಿತ್ತು. ದೊಡ್ಡ ಕಂಪನಿಗಳು ನಮಗಿಂತ ಅಗ್ಗಕ್ಕೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದವು. ಬರೀ ಇಂಟರ್ನೆಟ್ ಎಂದರೆ ನಲ್ಲಿ ನೀರಿದ್ದ ಹಾಗೆ, ಯಾರ ಪೈಪಿನಿಂದ ಬಂದರೂ ಒಂದೇ. ಆದರೆ ಅದೇ ತಂತಿಯಲ್ಲಿ ಟಿ.ವಿ.ಯೂ ಬಂದರೆ, ಇಂಟರ್ನೆಟ್ ಯಾಕೆ ಬೇಕು ಎನ್ನುವ ಮನೆಗಳೂ ನಮ್ಮ ತಂತಿ ಎಳೆಸಿಕೊಳ್ಳುತ್ತವೆ. ಧಾರಾವಾಹಿ ನೋಡುವ ಅಜ್ಜಿಗೂ ಫೋನು ಬಿಡದ ಮೊಮ್ಮಗಳಿಗೂ ಒಂದೇ ತಂತಿ, ಒಂದೇ ಬಿಲ್ಲು. ಇತ್ತ ಕೇಬಲ್ ಟಿ.ವಿ. ನಡೆಸುವವರು ಮನೆಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತಿದ್ದರು. ಅವರ ಬಳಿ ಇನ್ನೂ ಮನೆಗಳಿದ್ದವು, ಫೈಬರ್ ಇರಲಿಲ್ಲ. ನಮ್ಮ ಬಳಿ ಫೈಬರ್ ಇತ್ತು, ಬೇಕಾದಷ್ಟು ಮನೆಗಳಿರಲಿಲ್ಲ. "ಇಬ್ರೂ ಕೂಡಿದ್ರೆ ಮದ್ವೆ ಆದಂಗೆ" ಎಂದು ಯಜಮಾನರು ಕಾರು ಹತ್ತಿದರು. ನಾನೂ ಹತ್ತಿದೆ. ಹೊರಟಿದ್ದು ಹರಿಹರಕ್ಕೆ.

ಹರಿಹರದಲ್ಲಿ ಹೊಳೆಗೆ ಇಳಿಯುವ ಒಂದು ಓಣಿ. ಅಲ್ಲೊಂದು ಹಿಟ್ಟಿನ ಗಿರಣಿ, ಗಿರಣಿಯ ಮೇಲಿನ ಕೋಣೆಯಲ್ಲಿ ಕೇಬಲ್ ಕಾಕಾ. ಊರಿಗೆ ಡಿಶ್ ಬಂದ ಕಾಲದಿಂದ ಕೇಬಲ್ ನಡೆಸಿದ ಹಿರಿಯರು. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಗಿರಣಿಯ ಹಿಟ್ಟು ಮೆಟ್ಟಿಲು ಹತ್ತಿ ಬಂದು ಅವರ ಯಂತ್ರಗಳ ಮೇಲೆಲ್ಲ ಕೂತಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿ "ಬರ್ರಿ, ಕೂಡ್ರಿ" ಎಂದರು. ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ಯಜಮಾನರು ಪಾಲುದಾರಿಕೆಯ ಮಾತು, ಮನೆಮನೆಯ ಟಿ.ವಿ.ಗೆ ನಾವು ಕೊಡುವ ಸೆಟ್‌ಟಾಪ್ ಡಬ್ಬಿಯ ಮಾತು ಮುಗಿಸುವ ತನಕ ತಲೆಯಾಡಿಸುತ್ತ ಕೇಳಿದವರು ಕೊನೆಗೆ ಮೂಲೆಯಲ್ಲಿದ್ದ ಟಿ.ವಿ.ಯ ಕಡೆ ಕೈ ಮಾಡಿದರು.

"ಎಲ್ಲ ಸರಿ ಸಾವ್ಕಾರ್ರೆ. ನನ್ ಹೊಳಿ ಬರುತ್ತೇನ್ರಿ ನಿಮ್ ಡಬ್ಬಿಯಾಗೆ?"

ಟಿ.ವಿ.ಯಲ್ಲಿ ತುಂಗಭದ್ರೆ ಕಾಣುತ್ತಿತ್ತು. ಸ್ನಾನದ ಮೆಟ್ಟಿಲುಗಳ ಮೇಲ್ಗಡೆ ಒಂದು ಕಂಬ ನೆಟ್ಟು ಅದಕ್ಕೊಂದು ಕ್ಯಾಮೆರಾ ಕಟ್ಟಿದ್ದರು ಕಾಕಾ. ಬೆಳಗಿನಿಂದ ಕತ್ತಲಾಗುವ ತನಕ ಅದೇ ಚಿತ್ರ: ಮೆಟ್ಟಿಲು, ನೀರು, ಮುಳುಗು ಹಾಕುವವರು, ಬಟ್ಟೆ ಹಿಂಡುವವರು. ದನಿ ಇಲ್ಲ. ಕೆಳಗೆ ಒಂದು ಸಾಲು ಅಕ್ಷರ ಓಡುತ್ತಿತ್ತು. ಯಾರು ತೀರಿಕೊಂಡರು, ಮಣ್ಣು ಎಷ್ಟು ಹೊತ್ತಿಗೆ, ಯಾವ ಓಣಿಗೆ ಇವತ್ತು ನೀರು ಬಿಡುತ್ತಾರೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಎಲ್ಲ ಅದರಲ್ಲಿ. ಆ ಸಾಲನ್ನು ಕಾಕಾ ತಾವೇ ಕೂತು ಟೈಪ್ ಮಾಡುತ್ತಿದ್ದರು. ಊರವರು ಅದನ್ನು ಹೊಳೆ ಚಾನೆಲ್ ಎನ್ನುತ್ತಿದ್ದರು.

"ಕಾಕಾ, ಇದನ್ನ ಯಾರ್ ನೋಡ್ತಾರೆ?" ಎಂದು ಕೇಳಿಯೇ ಬಿಟ್ಟೆ.

"ಬಂದ್ ಮಾಡಿ ನೋಡವ್ವ, ಗೊತ್ತಾಗುತ್ತೆ. ಮೊನ್ನೆ ಮಂಗ ವೈರ್ ಹರಿದು ಒಂದೊಪ್ಪತ್ತು ನಿಂತಿತ್ತು. ಜನ ಮೆಟ್ಲು ಹತ್ತಿ ಇಲ್ಲಿಗೇ ಬಂದ್ರು. ಮಣ್ಣಿಗೆ ಹೋಗಾಕೆ ಟೈಮ್ ಗೊತ್ತಾಗ್ಲಿಲ್ಲ ಅಂತ ಒಬ್ಬಾಕಿ ಬೈದಿದ್ದೇ ಬೈದಿದ್ದು."

ಆಮೇಲೆ ಯಜಮಾನರ ಕಡೆ ತಿರುಗಿ ಒಂದೇ ಮಾತು ಹೇಳಿದರು. "ನನ್ ಮನೆಗುಳ್ನ ನಿಮಗೆ ಕೊಡ್ತೀನ್ರಿ. ನಿಮ್ ವೈರೇ ಎಳ್ಕಳ್ರಿ, ನಿಮ್ ಡಬ್ಬಿನೇ ಇಡ್ರಿ. ಆದ್ರೆ ಹೊಳಿ ಬರ್ಬೇಕು. ಬರಲ್ಲ ಅಂದ್ರೆ ಬ್ಯಾಡ."

ಯಜಮಾನರು ನನ್ನ ಮುಖ ನೋಡಿದರು. ಒಂದು ಕ್ಯಾಮೆರಾದ ಚಿತ್ರವನ್ನು ಒಂದು ಚಾನೆಲ್ ಮಾಡುವುದು ಏನು ಮಹಾ ಅನ್ನಿಸಿತು. "ಬರುತ್ತೆ ಕಾಕಾ. ಅದು ನನ್ ಜವಾಬ್ದಾರಿ" ಎಂದೆ. ಇದನ್ನೂ ಒಪ್ಪಂದದಲ್ಲಿ ಬರೆಸೋಣ ಎಂದರು ಯಜಮಾನರು. "ಹೆಣ್ಮಗ್ಳು ಬಾಯಿ ತುಂಬ ಹೇಳ್ಯಾಳೆ. ಕಾಗ್ದ ಯಾಕ ಬಿಡ್ರಿ" ಎಂದು ಕಾಕಾ ಮೆಣಸಿನಕಾಯಿಯ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದರು. ಆವತ್ತು ಆ ಮಾತು ನನಗೆ ಹೊಗಳಿಕೆಯಾಗಿ ಕೇಳಿಸಿತು.

ಮುಂದಿನ ತಿಂಗಳುಗಳು ಹೇಗೆ ಕಳೆದವೋ ನನಗೇ ತಿಳಿಯದು. ಆಫೀಸಿನ ತಾರಸಿಯ ಮೇಲೆ ಡಿಶ್‌ಗಳು ಎದ್ದವು. ಕೆಳಗಿನ ಕೋಣೆ ಖಾಲಿ ಮಾಡಿಸಿ, ಎ.ಸಿ. ಹಾಕಿಸಿ, ಚಾನೆಲ್ಲುಗಳನ್ನು ಇಂಟರ್ನೆಟ್ಟಿಗೆ ಹೊಂದುವ ಹಾಗೆ ಬದಲಿಸುವ ಯಂತ್ರಗಳನ್ನು ಸಾಲಾಗಿ ಕೂರಿಸಿದೆವು. ಅಂಥದೇ ಒಂದು ಸಣ್ಣ ಯಂತ್ರವನ್ನು ಗಿರಣಿಯ ಮೇಲಿನ ಕೋಣೆಯಲ್ಲಿ ಹೊಳೆ ಚಾನೆಲ್ಲಿಗೆಂದೇ ಇಟ್ಟೆ. ಹಿಟ್ಟು ಹೋಗದ ಹಾಗೆ ಒಂದು ಹಳೆಯ ಗಾಜಿನ ಕಪಾಟಿನಲ್ಲಿಟ್ಟು ಹಿಂದೆ ಫ್ಯಾನ್ ಕೂರಿಸಿದ್ದಾಯಿತು. ರಿಮೋಟಿನಲ್ಲಿ ಒಂಬತ್ತು ಒತ್ತಿದರೆ ಹೊಳೆ. ಆ ಸಂಖ್ಯೆ ಕಾಕಾ ಆರಿಸಿದ್ದು.

ಇಂಟರ್ನೆಟ್ಟಿನಲ್ಲಿ ಟಿ.ವಿ. ಕಳಿಸಲು ಎರಡು ದಾರಿ. ಒಂದು, ಕೇಳಿದವರಿಗೆಲ್ಲ ಬೇರೆ ಬೇರೆ ಪ್ರತಿ ಕಳಿಸುವುದು. ಮನೆಮನೆಗೆ ಹೋಗಿ ಕುಂಕುಮವಿಟ್ಟು ಮದುವೆಗೆ ಕರೆದ ಹಾಗೆ. ಫೋನಿನಲ್ಲಿ ಸಿನಿಮಾ ನೋಡುವುದೆಲ್ಲ ಹೀಗೇ. ಇನ್ನೊಂದು, ಒಂದೇ ಪ್ರತಿ ಕಳಿಸಿ ಬೇಕಾದವರೆಲ್ಲ ಅದನ್ನೇ ಪಡೆಯುವಂತೆ ಮಾಡುವುದು; ಡಂಗುರ ಸಾರಿದ ಹಾಗೆ. ಇದಕ್ಕೆ ಮಲ್ಟಿಕಾಸ್ಟ್ ಎನ್ನುತ್ತಾರೆ. ನಮ್ಮಂಥ ಸಣ್ಣವರಿಗೆ ಇದೇ ವರ. ಎಷ್ಟು ಮನೆಯವರು ನೋಡಿದರೂ ಹರಿಹರದ ತಂತಿಯ ಮೇಲೆ ಒಂದು ಚಾನೆಲ್ಲಿಗೆ ಒಂದೇ ಪ್ರತಿಯ ಭಾರ.

ಶುರು ಮಾಡಿದ ಮೊದಲ ದಿನವೇ ನಮ್ಮ ಡಂಗುರದವನು ಕರೆಯದವರ ಮನೆಗೂ ನುಗ್ಗಿದ. ಕೇಳಲಿ ಬಿಡಲಿ, ಎಲ್ಲ ಚಾನೆಲ್ಲುಗಳೂ ಎಲ್ಲ ಮನೆಗಳ ಕಡೆಗೂ ಹರಿದು ಇಂಟರ್ನೆಟ್ ಕಟ್ಟಿಕೊಂಡಿತು. ಅಷ್ಟು ಬೈಗುಳ ನಾನು ಜನ್ಮದಲ್ಲಿ ತಿಂದಿರಲಿಲ್ಲ. ತಂತಿಗಳು ಕವಲೊಡೆಯುವಲ್ಲೆಲ್ಲ ಇರುವ ಸ್ವಿಚ್ಚುಗಳಿಗೆ, ಕೇಳಿದ ಮನೆಗೆ ಮಾತ್ರ ಬಿಡು, ಉಳಿದವರಿಗೆ ಬಾಗಿಲು ಹಾಕು ಎಂದು ಹೇಳಿಕೊಟ್ಟೆ. ಇಂಟರ್ನೆಟ್ ಸರಿಹೋಯಿತು. ಹೊಸ ಕಾಟ ಶುರುವಾಯಿತು.

ಚಿತ್ರ ನಿಂತುಹೋಗುತ್ತಿತ್ತು. ಚೆನ್ನಾಗಿ ಬರುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಬೇರೆ ಚಾನೆಲ್ಲಿಗೆ ಹೋಗಿ ವಾಪಸು ಬಂದರೆ ಮತ್ತೆ ಬರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಯಂತ್ರ ಮಾರಿದವರಿಗೆ ಫೋನ್ ಮಾಡಿದರೆ ನಿಮ್ಮ ಫೈಬರೇ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರಿಗೆ ಉಗಿದೆನಾದರೂ ಅನುಮಾನ ಹೊಕ್ಕಿತು. ಲೈನ್‌ಮನ್‌ಗಳನ್ನು ಕರೆದುಕೊಂಡು ಕಂಬ ಕಂಬ ಸುತ್ತಿದೆ. ಕೊಂಡಜ್ಜಿಯ ಹತ್ತಿರ ಮೆಕ್ಕೆಜೋಳದ ದಂಟು ಹೇರಿದ್ದ ಟ್ರ್ಯಾಕ್ಟರು ನಮ್ಮ ತಂತಿಯನ್ನು ಎಳೆದು ಜೋತಾಡಿಸಿತ್ತು. ಸಿಕ್ಕಿತಲ್ಲ ಕಳ್ಳ ಎಂದು ಅಲ್ಲೇ ನಿಂತು ಜೋಡಿಸಿ, ಟೀ ಕುಡಿದು, ಖುಷಿಯಿಂದ ವಾಪಸು ಬಂದರೆ ಚಿತ್ರ ಮೊದಲಿನ ಹಾಗೆಯೇ ನಿಂತಿತ್ತು.

ಉತ್ತರ ಸಿಕ್ಕಿದ್ದು ನನ್ನ ಅಡುಗೆಮನೆಯಲ್ಲಿ. ಪರೀಕ್ಷೆಗೆಂದು ಮನೆಯಲ್ಲೂ ಒಂದು ಡಬ್ಬಿ ಇಟ್ಟುಕೊಂಡಿದ್ದೆ. ಬೆಳಗ್ಗೆ ಒಂಬತ್ತು ಒತ್ತಿ, ಹಾಲು ಕಾಯಲು ಇಟ್ಟು, ಉಕ್ಕುವ ಹೊತ್ತಿಗೆ ಒಲೆ ಆರಿಸಿ ತಿರುಗಿದರೆ ಹೊಳೆ ನಿಂತಿರುತ್ತಿತ್ತು. ಮರುದಿನವೂ ಹಾಲು ಉಕ್ಕುವುದಕ್ಕೂ ಹೊಳೆ ನಿಲ್ಲುವುದಕ್ಕೂ ಸರಿಹೋಯಿತು. ತಂತಿಯ ದೋಷವಾದರೆ ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲವಲ್ಲ! ಯಾರೋ ಲೆಕ್ಕವಿಟ್ಟು ಬಾಗಿಲು ಹಾಕುತ್ತಿದ್ದಾರೆ ಅನ್ನಿಸಿದ ಕೂಡಲೇ ಬಾಯಲ್ಲಿದ್ದ ಕಾಫಿ ಅಲ್ಲೇ ಬಿಟ್ಟು ಆಫೀಸಿಗೆ ಓಡಿದೆ. ಬಾಗಿಲು ಹಾಕಲು ಸ್ವಿಚ್ಚುಗಳಿಗೆ ಹೇಳಿಕೊಟ್ಟವಳು ನಾನೇ. ಆಗಾಗ ಹಾಜರಿ ಕರೆದು, ಯಾರ್ಯಾರು ಇನ್ನೂ ನೋಡುತ್ತಿದ್ದೀರಿ ಎಂದು ಕೇಳುವ ಕೆಲಸವನ್ನು ಮಾತ್ರ ಯಾರಿಗೂ ವಹಿಸಿರಲಿಲ್ಲ. ಹಾಜರಿ ಕೂಗುವವರಿಲ್ಲದೆ, ಮನೆಗಳೆಲ್ಲ ಎದ್ದುಹೋದವು ಎಂದುಕೊಂಡು ಸ್ವಿಚ್ಚುಗಳು ಬಾಗಿಲು ಹಾಕುತ್ತಿದ್ದವು. ಆಫೀಸಿನ ದೊಡ್ಡ ಸ್ವಿಚ್ಚಿಗೆ ಆ ಕೆಲಸ ವಹಿಸಿದೆ, ಅಷ್ಟೇ. ಆವತ್ತಿನಿಂದ ಹೊಳೆ ನಿಲ್ಲಲಿಲ್ಲ. ಕಾಕಾ ಫೋನ್ ಮಾಡಿ "ಬೆಳಗಿಂದ ಕುಂತು ನೋಡಾಕತ್ತೀನವ್ವ. ಕಣ್ಣು ನೋವು ಬಂತು, ಹೊಳಿ ಮಾತ್ರ ನಿಂತಿಲ್ಲ" ಎಂದು ನಕ್ಕರು. ಆ ನಗು ಕೇಳಿ ಎಲ್ಲ ಕಷ್ಟವೂ ಮರೆತುಹೋಯಿತು.

ಕಾಕಾ ಮಾತಿಗೆ ತಪ್ಪದೆ ತಮ್ಮ ಮನೆಗಳನ್ನೆಲ್ಲ ನಮಗೆ ಕೊಟ್ಟರು. ಹಳೆಯ ಕೇಬಲ್ ಇಳಿಸಿ ನಮ್ಮ ಫೈಬರ್ ಏರಿಸಿದೆವು. ಆಮೇಲೆ ಒಂದು ವಿಚಿತ್ರ ಕಂಡಿತು. ಯಾವ ಚಾನೆಲ್ಲನ್ನು ಎಷ್ಟು ಡಬ್ಬಿಗಳು ನೋಡುತ್ತಿವೆ ಎಂಬುದು ಆಫೀಸಿನ ಪರದೆಯ ಮೇಲೆ ನಮಗೆ ಕಾಣುತ್ತದೆ. ಬೆಳಗಿನ ಹೊತ್ತು ಮೇಲಿನ ಸಾಲುಗಳಲ್ಲೇ ಹೊಳೆ ಇರುತ್ತಿತ್ತು. ಹರಿಹರದಲ್ಲಿ ಸರಿ. ದಾವಣಗೆರೆಯ ಮನೆಗಳಲ್ಲಿ, ಶಾಮನೂರಿನ ಮನೆಗಳಲ್ಲಿ ಯಾಕೆ ಎಂದು ಯಜಮಾನರೂ ನಾನೂ ತಲೆ ಕೆರೆದುಕೊಂಡೆವು.

ಅದು ಗೊತ್ತಾಗಿದ್ದು ಶಾಮನೂರಿನ ಒಂದು ದೂರಿನಿಂದ. ಆವತ್ತು ಲೈನ್‌ಮನ್‌ಗಳೆಲ್ಲ ಬೇರೆ ಕಡೆ ಇದ್ದರು, ನಾನೇ ಸ್ಕೂಟರ್ ಹತ್ತಿ ಹೋದೆ. ಹೊಲ ಮನೆ ಇರುವ ತುಂಬಿದ ಸಂಸಾರ. ಬಾಗಿಲು ತೆರೆದದ್ದು ಆ ಮನೆಯ ಸೊಸೆ, ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇತ್ತು.

"ಉಳಿದಿದ್ದೆಲ್ಲ ಬರ್ತೈತಕ್ಕ, ಹೊಳಿ ಒಂದೇ ಬರ್ತಿಲ್ಲ. ಇವತ್ತೇ ಹಿಂಗಾಗ್ಬೇಕಾ, ಸೋಮಾರ!"

"ಸೋಮವಾರ ಏನಮ್ಮ ವಿಶೇಷ?"

"ನಮ್ಮವ್ವ ಹೊಳಿಗೆ ಬರ್ತಾಳೆ. ಮುಳುಗು ಹಾಕಿ ಮೇಲ್ ಬಂದು ಕಂಬದ ಕಡಿ ತಿರುಗಿ ಕೈ ಎತ್ತುತಾಳೆ, ನಾ ನೋಡ್ಲಿ ಅಂತ."

ಫೋನ್ ಇದೆಯಲ್ಲ, ವಿಡಿಯೊ ಕಾಲ್ ಮಾಡಿದರೆ ಆಯಿತಲ್ಲ ಎಂದೆ. ಎಂಜಿನಿಯರ ಬಾಯಲ್ಲಿ ಇನ್ನೇನು ಬರುತ್ತದೆ.

"ಫೋನಿನಾಗೆ ಮಾತಾಡ್ಬೇಕಕ್ಕ. ಉಂಡ್ಯಾ, ಏನ್ ಅಡಿಗಿ, ನಿಮ್ಮತ್ತಿ ಹೆಂಗದಾರೆ. ಆ ಕಡಿ ನಮ್ಮಣ್ಣ ಅತ್ತಿಗಿ, ಈ ಕಡಿ ಇವ್ರೆಲ್ಲ ಕುಂತಿರ್ತಾರೆ. ಕಾಲ್ ನೋವು ಹೆಂಗೈತೆ ಅಂದ್ರೆ ಆರಾಮ್ ಐತೆ ಅಂತಾಳೆ. ಇದ್ರಾಗೆ ಸುಮ್ನೆ ನೋಡ್ಬೋದು. ಮೆಟ್ಲು ಇಳಿಯೋದ್ ನೋಡಿದ್ರೆ ನಿಜ ಗೊತ್ತಾಗುತ್ತೆ."

ನಾನು ಕಾಕಾಗೆ ಫೋನ್ ಹಚ್ಚಿದೆ. ಕಪಾಟಿನ ಫ್ಯಾನಿಗೆ ಹಿಟ್ಟು ಮೆತ್ತಿ ಯಂತ್ರ ಬಿಸಿಯಾಗಿ ನಿಂತಿತ್ತು. ಅವರು ಒರೆಸಿ ಮತ್ತೆ ಚಾಲೂ ಮಾಡಿದರು. ಹೊಳೆ ಬಂತು. ಸ್ವಲ್ಪ ಹೊತ್ತಿಗೆ ಹೆಬ್ಬೆರಳಿನಷ್ಟು ಚಿಕ್ಕದಾಗಿ ಒಬ್ಬ ಅಜ್ಜಿ, ಬಲಗಾಲನ್ನು ಮಡಿಸದೆ ಒಂದೊಂದೇ ಮೆಟ್ಟಿಲು ಇಳಿದರು. ಮುಳುಗೆದ್ದು, ಸೆರಗು ಹಿಂಡಿ, ಕಂಬದ ಕಡೆ ತಿರುಗಿ ಕೈ ಎತ್ತಿದರು. ಇಲ್ಲಿ ಸೊಸೆಯೂ ಹಿಟ್ಟಿನ ಕೈಯನ್ನು ಟಿ.ವಿ.ಗೆ ಎತ್ತಿ ತೋರಿಸಿದಳು. ಮೆಟ್ಟಿಲ ಮೇಲೆ ಇನ್ನೂ ಇಬ್ಬರು ಮೂವರು ಹಾಗೇ ಕೈ ಎತ್ತಿ ಹೋದರು. ಯಾರೂ ಹೇಳಿಕೊಡದೆ ಹರಿಹರದ ತಾಯಂದಿರು ಆ ರೂಢಿ ಮಾಡಿಕೊಂಡುಬಿಟ್ಟಿದ್ದರು. ನನಗೆ ಕಣ್ಣು ತುಂಬಿ ಬಂತು. ವೈರ್ ನೋಡುವವಳಂತೆ ಟಿ.ವಿ. ಹಿಂದೆ ಬಗ್ಗಿದೆ.

ಯಜಮಾನರಿಗೆ ಹೇಳಿದಾಗ ಅವರು ಮೇಜು ಕುಟ್ಟಿದರು. "ಇದು ನಮ್ ಸ್ವಂತ ಮಗ್ಗದ ನೇಯ್ಗೆ ನೋಡಮ್ಮ! ಬೇರೆ ಯಾವ್ ಅಂಗಡಿಯಾಗೂ ಸಿಗಲ್ಲ." ಕೊಂಡಜ್ಜಿಯ ಕೆರೆಗೊಂದು ಕ್ಯಾಮೆರಾ, ದಾವಣಗೆರೆಯ ತರಕಾರಿ ಮಾರುಕಟ್ಟೆಗೊಂದು ಎಂದು ಮಾತಾಡಿಕೊಂಡೆವು. ಆ ಮಾತು ಮಾತಾಗಿಯೇ ಉಳಿಯಿತು.

ಯಾಕೆಂದರೆ ಸ್ವಂತ ಮಗ್ಗ ನಡೆಸುವುದು ಸುಮ್ಮನೆ ಅಲ್ಲ. ಒಂದೊಂದು ಚಾನೆಲ್ಲಿನವರ ಜೊತೆಗೂ ಬೇರೆ ಬೇರೆ ಒಪ್ಪಂದ, ವರ್ಷವರ್ಷವೂ ಅದೇ ಎಳೆದಾಟ. ಬೇಸಿಗೆಯಲ್ಲಿ ಎ.ಸಿ. ಕೈಕೊಟ್ಟು ಯಂತ್ರಗಳು ಕಾದು ಕೂತವು. ಅದೂ ಯಾವತ್ತು? ಊರಿಗೆ ಊರೇ ಕ್ರಿಕೆಟ್ ನೋಡಲು ಕೂತ ಸಂಜೆ. ಮೊಬೈಲ್ ಆಫ್ ಮಾಡಿ ಮಂಜುಗಡ್ಡೆಯ ಬಕೆಟ್ಟುಗಳನ್ನು ಫ್ಯಾನ್ ಮುಂದೆ ಇಟ್ಟು ಕೋಣೆ ತಣ್ಣಗೆ ಮಾಡಿದೆವು. ಜೊತೆಗೆ ಜನ ಹೊಸದು ಕೇಳುತ್ತಿದ್ದರು. ಬೇಕಾದ ಸಿನಿಮಾ ಬೇಕಾದಾಗ ಬರಬೇಕು, ಧಾರಾವಾಹಿ ಹಿಂದಕ್ಕೆ ಹೋಗಬೇಕು, ಆಪ್‌ಗಳೆಲ್ಲ ಒಂದೇ ರಿಮೋಟಿನಲ್ಲಿ ಸಿಗಬೇಕು.

ಅಂಥ ಹೊತ್ತಿನಲ್ಲಿ ಬೆಂಗಳೂರಿನ ಒಂದು ದೊಡ್ಡ ಕಂಪನಿಯ ಅಧಿಕಾರಿ ಬಂದರು. ಅವರ ಡಬ್ಬಿಯಲ್ಲಿ ಎಲ್ಲವೂ ಇತ್ತು. ಚಾನೆಲ್ಲಿನವರ ಜೊತೆಗಿನ ತಲೆನೋವು ಅವರದು, ಯಂತ್ರ ಅವರದು. ನಾವು ತಂತಿ ಎಳೆದು, ಡಬ್ಬಿ ಕೊಟ್ಟು, ಪಾಲು ತೆಗೆದುಕೊಂಡರೆ ಸಾಕು. ನಿಮ್ಮಂಥ ಬ್ರಾಡ್‌ಬ್ಯಾಂಡಿನವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಬರುವುದಿಲ್ಲ ಎಂದರು. ಸುಳ್ಳೇನೂ ಅಲ್ಲ. ಷರತ್ತು ಒಂದೇ, ಅವರ ಡಬ್ಬಿಯೊಳಗೆ ಹೊರಗಿನ ಯಾವ ಚಾನೆಲ್ಲನ್ನೂ ಸೇರಿಸುವ ಹಾಗಿಲ್ಲ.

ಹೊಳೆ ಚಾನೆಲ್ಲಿನ ಬಗ್ಗೆ ಕೇಳಿದೆ. ಆತ ಬಹಳ ಮರ್ಯಾದಸ್ಥ. "ಲೋಕಲ್ ಚಾನೆಲ್ ನಮ್ಮ ಪ್ಲಾನಿನಲ್ಲಿದೆ ಮೇಡಂ, ಮುಂದಿನ ಹಂತದಲ್ಲಿ ನೋಡೋಣ" ಎಂದರು. ಮುಂದಿನ ಹಂತ ಯಾವಾಗ ಎಂದಿದ್ದಕ್ಕೆ ನಕ್ಕು ಟೀ ಕುಡಿದರು.

ಅವರು ಹೋದ ಮೇಲೆ ಯಜಮಾನರು ನನ್ನನ್ನು ಎದುರು ಕೂರಿಸಿಕೊಂಡರು. "ಯಂತ್ರದ ಕಷ್ಟ ನಿಂಗೊತ್ತು, ಕಾಕಾಗೆ ಮಾತು ಕೊಟ್ಟೋಳೂ ನೀನೇ. ನೀ ಬ್ಯಾಡ ಅಂದ್ರೆ ಬ್ಯಾಡಮ್ಮ. ಹೆಂಗಾರ ಮಾಡಿ ನಡೆಸಾಣ."

ನಾನು ಯಂತ್ರದ ಕೋಣೆಗೆ ಹೋಗಿ ನಿಂತೆ. ಎ.ಸಿ. ಗೊರಗೊರ ಅನ್ನುತ್ತಿತ್ತು. ಇನ್ನೊಂದು ಬೇಸಿಗೆ ಇದನ್ನು ಎಳೆಯಬಲ್ಲೆನೇ ಎಂದು ಕೇಳಿಕೊಂಡೆ. ನಮ್ಮನ್ನೇ ನಂಬಿದ್ದ ಲೈನ್‌ಮನ್‌ಗಳ ಮುಖ ಕಣ್ಣ ಮುಂದೆ ಬಂತು. ಹೊಳೆಯನ್ನು ಫೋ‌ನಿನಲ್ಲಿ ಒಂದು ಲಿಂಕ್ ಮಾಡಿ ಕೊಟ್ಟರಾಯಿತು, ಹೇಗೂ ಎಲ್ಲರ ಕೈಯಲ್ಲೂ ಫೋನ್ ಇದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫೋನಿಗೂ ಟಿ.ವಿ.ಗೂ ಏನು ವ್ಯತ್ಯಾಸ ಎಂದು ಶಾಮನೂರಿನ ಸೊಸೆ ಬಿಡಿಸಿ ಹೇಳಿದ್ದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲವೋ, ಬರಗೊಡಲಿಲ್ಲವೋ. ಹೊರಗೆ ಬಂದು ಹೂಂ ಎಂದೆ.

ಕಾಕಾಗೆ ಫೋನಿನಲ್ಲಿ ಹೇಳುವ ಧೈರ್ಯವಾಗದೆ ಹರಿಹರಕ್ಕೇ ಹೋದೆ. ಅದೇ ಕುರ್ಚಿ ಒರೆಸಿದರು, ಅದೇ ಮಂಡಕ್ಕಿ ತರಿಸಿದರು. ನಾನು ಎಲ್ಲ ಹೇಳಿ, ಫೋನ್ ತೆಗೆದು ಲಿಂಕ್ ತೋರಿಸಿದೆ. ಇದನ್ನು ಒತ್ತಬೇಕು, ಇದು ಬಂದರೆ ಮುಚ್ಚಬೇಕು, ಆಮೇಲೆ ಇದನ್ನು ಒತ್ತಿ ಸ್ವಲ್ಪ ಕಾಯಬೇಕು. ಕಾಕಾ ಕನ್ನಡಕ ಏರಿಸಿ ಕೊನೆಯವರೆಗೂ ನೋಡಿದರು.

"ಒಂಬತ್ತು ಒತ್ತಿದ್ರೆ ಬರ್ತಿತ್ತಲ್ಲವ್ವ" ಎಂದರು.

ಬಾಯಿ ತುಂಬ ಹೇಳಿದ್ದೆಯಲ್ಲ ಎಂದು ಬೈಯಲಿ ಅಂತ ಕಾದೆ. ಬೈದಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ. ಅವರು ಬೈಯಲಿಲ್ಲ. "ನನ್ ಮನೆಗುಳೆಲ್ಲ ನಿಮ್ ವೈರಿನಾಗೇ ಅದಾವೆ. ಹಳೇ ಕೇಬಲ್ ಇಳಿಸಿ ಕೊಟ್ಟಾಯ್ತು. ಈಗ ಬ್ಯಾಡ ಅಂದು ಎಲ್ಲಿಗ್ ಹೋಗ್ಲಿ? ನಡೀರಿ, ನಿಮ್ಗೆ ಹೆಂಗ್ ಅನುಕೂಲಾನೋ ಹಂಗೇ ಮಾಡ್ರಿ." ಅಲ್ಲಿಯವರೆಗೆ ನನ್ನನ್ನು ನೀನು ಎನ್ನುತ್ತಿದ್ದವರು ಆವತ್ತು ನೀವು ಎಂದರು.

ಲಿಂಕನ್ನು ಮೊದಲು ಒಂದಿಷ್ಟು ಜನ ಒತ್ತಿದರು. ಆಮೇಲೆ ಕಡಿಮೆಯಾಗುತ್ತ ಹೋಗಿ ಒಂದು ದಿನ ಯಾರೂ ಇರಲಿಲ್ಲ. ಯಂತ್ರ ಆರಿಸುವುದು ಬೇಡ ಎಂದು ನಾನು ಹೇಳುವಷ್ಟರಲ್ಲಿ ಕಾಕಾ ಆರಿಸಿದ್ದರು.

ಹೊಸ ಡಬ್ಬಿ ಭರ್ಜರಿಯಾಗಿ ಓಡಿತು. ಒಂದು ವರ್ಷ ನಮಗೆ ಕೈ ತೊಳೆಯಲೂ ಬಿಡುವಿರಲಿಲ್ಲ. ಹೊಸ ಬಡಾವಣೆಗಳಲ್ಲೆಲ್ಲ ನಮ್ಮದೇ ತಂತಿ. ಅವಕಾಶ ಎಂದು ಆ ಅಧಿಕಾರಿ ಹೇಳಿದ್ದು ನಿಜವೇ ಆಯಿತು. ಆಮೇಲೆ ಇನ್ನೊಂದು ಇಂಟರ್ನೆಟ್ ಕಂಪನಿ ಊರಿಗೆ ಬಂತು. ಅವರದೂ ಅದೇ ಡಬ್ಬಿ, ಅವೇ ಆಪ್‌ಗಳು, ನಮಗಿಂತ ಅಗ್ಗ. ನಮ್ಮ ಮನೆಗಳು ಒಂದೊಂದಾಗಿ ಆ ಕಡೆ ಹೊರಟವು. ಯಾಕೆ ಬಿಡುತ್ತೀರಿ ಎಂದು ನಾನೇ ಫೋನ್ ಮಾಡಿ ಕೇಳುತ್ತಿದ್ದೆ. "ಅಲ್ಲೂ ಇದೇ ಬರ್ತೈತಲ್ಲ ಮೇಡಂ" ಎನ್ನುತ್ತಿದ್ದರು.

"ಪಕ್ಕದಂಗಡಿ ಸೀರೆನೇ ತಂದು ಮಾರಿದಂಗಾಯ್ತು" ಎಂದರು ಯಜಮಾನರು. ಹಳೆಯ ಡಬ್ಬಿಗಳನ್ನು ಮಾರಿಯಾಗಿತ್ತು, ಕಂಪನಿಯ ಒಪ್ಪಂದ ಇನ್ನೂ ಮುಗಿದಿರಲಿಲ್ಲ. ಹೊಳೆಯನ್ನು ಹೇಗಾದರೂ ಒಳಗೆ ತೂರಿಸಲು ನಾನು ಮಾಡದ ಪ್ರಯತ್ನವಿಲ್ಲ, ಬರೆಯದ ಮೇಲ್ ಇಲ್ಲ. ಮುಂದಿನ ಹಂತ ಬರಲೇ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಬೇರೆಯವರಿಗೆ ಅನ್ವಯಿಸಿ ಆ ಗಾದೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ.

ಮೊನ್ನೆ ಒಂದು ಸೋಮವಾರ ಹರಿಹರದ ಹೊಳೆದಂಡೆಯ ಹತ್ತಿರ ತಂತಿ ಕಡಿದಿದೆ ಎಂದು ಹೋದೆ. ಲೈನ್‌ಮನ್ ಜೋಡಿಸುತ್ತಿದ್ದ, ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕಾಕಾ ಕ್ಯಾಮೆರಾ ಬಿಚ್ಚಿಸಿರಲಿಲ್ಲ. ಕಂಬದ ಮೇಲೆ ಹಾಗೇ ಇತ್ತು, ಅದರ ವೈರಿನ ತುದಿ ಗಾಳಿಗೆ ಅಲ್ಲಾಡುತ್ತಿತ್ತು.

ಒಬ್ಬ ಅಜ್ಜಿ ಮುಳುಗು ಹಾಕಿ ಮೇಲೆ ಬಂದರು. ಮುಖ ನಾನು ಕಂಡಿದ್ದಲ್ಲ. ಆದರೆ ಬಲಗಾಲು ಮಡಿಸದೆ ಹತ್ತುವ ಆ ನಡಿಗೆ ನನಗೆ ಗೊತ್ತಿತ್ತು. ಮೇಲಿನ ಮೆಟ್ಟಿಲಿಗೆ ಬಂದು, ಸೆರಗು ಹಿಂಡಿ, ಕಂಬದ ಕಡೆ ತಿರುಗಿ ಕೈ ಎತ್ತಿದರು.

"ಯಾರಿಗಮ್ಮ ಕೈ ಮಾಡಿದ್ದು?" ಎಂದೆ.

"ನನ್ ಮಗಳಿಗವ್ವ. ಶಾಮನೂರಿಗೆ ಕೊಟ್ಟೀವಿ. ಟಿ.ವಿ.ಯಾಗೆ ನೋಡ್ತಾಳೆ."

"ಅದು ಈಗ ಬರುತ್ತಾ ಅಮ್ಮ?"

"ನಮ್ಮನಿಯಾಗೆ ಬರಲ್ಲವ್ವ, ಯಾವಾಗ್ಲೋ ಬಂದ್ ಮಾಡಿದ್ರು. ದಾವಣಗೆರಿ ಕಡಿ ಬರ್ತೈತಂತೆ, ಮಗಳು ಹೇಳಿದ್ಲು. ಹೋದ್ ಸೋಮಾರ ಫೋನ್ ಮಾಡಿ, ಕಾಲು ಈಗ ವಾಸಿ ಕಾಣುತ್ತವ್ವ, ಸರಸರ ಹತ್ತಿದ್ಯಲ್ಲ ಅಂದ್ಲು. ಕೇಳಿ ನಂಗೂ ಹೌದು ಅನ್ನಿಸ್ತು." ನನ್ನ ಕೊರಳಿನ ಐ.ಡಿ. ಕಾರ್ಡು ನೋಡಿ ಕೇಳಿದರು. "ನೀವು ಕೇಬಲ್ಲಿನೋರಾ? ಇಲ್ಲಿ ನಿಂತ್ರೆ ಚೆಂದ ಕಾಣುತ್ತಾ, ಇನ್ನೊಂಚೂರು ಈ ಕಡಿ ಬರ್ಲಾ?"

ಶಾಮನೂರಿನ ಆ ಮನೆಯಲ್ಲಿ ಸೊಸೆ ಈಗ ರೊಟ್ಟಿ ತಟ್ಟುತ್ತಿರಬಹುದು, ಟಿ.ವಿ.ಯಲ್ಲಿ ಇನ್ನೇನೋ ಓಡುತ್ತಿರಬಹುದು. ಅವಳಿಗೆ ಏನೂ ಕಾಣುವುದಿಲ್ಲ ಎಂಬುದು ನನಗೆ ಗೊತ್ತು. ಹೇಳಬೇಕೆಂದು ಬಾಯಿ ತೆರೆದೆ.

"ಇಲ್ಲೇ ಚೆನ್ನಾಗಿ ಕಾಣುತ್ತಮ್ಮ" ಎಂದೆ.

ಅಜ್ಜಿಗೆ ಸಮಾಧಾನವಾಯಿತು. ಒದ್ದೆ ಕೈಯಿಂದ ನನ್ನ ತೋಳು ಹಿಡಿದು ತಮ್ಮ ಪಕ್ಕಕ್ಕೆ ಎಳೆದುಕೊಂಡರು. "ಹಂಗಾರೆ ನೀನೂ ಒಂದ್ಸಲ ಕೈ ಎತ್ತವ್ವ. ಯಾರ್ ಜೊತಿ ಮಾತಾಡ್ಕಂತ ನಿಂತಿದ್ದೆ ಅಂತ ಕೇಳ್ತಾಳೆ ಆಮ್ಯಾಲೆ."

ನಾನು ಕಂಬದ ಕಡೆ ನೋಡಿ ಕೈ ಎತ್ತಿದೆ.